ಹರಿದು ಬಂದ ಮಳೆನೀರು ಮತ್ತು ಕರಟದ ಇದ್ದಿಲು



ಭರಣಿ ಮಳೆಯ ಮೊದಲ ಹದ ಬಿದ್ದ ದಿನ ನಿಮ್ಮ ಕೊಟ್ಟಿಗೆಯ ಮುಂದೆ ಐದು ನಿಮಿಷ ನಿಂತು ನೋಡಿ. ಮಾಡಿನ ಶೀಟಿನಿಂದ ಸುರಿದ ನೀರು ಅಂಗಳಕ್ಕೆ ಬೀಳುತ್ತದೆ. ಅಲ್ಲಿದ್ದ ಸಗಣಿ, ಗಂಜಲ, ಹಿಂಡಿಯ ಪುಡಿ, ಟ್ರ್ಯಾಕ್ಟರಿನಿಂದ ತೊಟ್ಟಿಕ್ಕಿದ ಎಣ್ಣೆ, ಹಿಂದಿನ ವಾರ ಉಣ್ಣೆಗೆಂದು ಹೊಡೆದ ಔಷಧಿಯ ಉಳಿಕೆ ಎಲ್ಲವನ್ನೂ ಕೂಡಿಸಿಕೊಂಡು ಕಂದು ಬಣ್ಣದ ನೀರಾಗಿ ತಿಪ್ಪೆಯ ಪಕ್ಕ ಹಾದು, ಬಾವಿಗೋ ಕಟ್ಟೆಗೋ ಕೃಷಿ ಹೊಂಡಕ್ಕೋ ಸೇರುತ್ತದೆ. ನಾಲ್ಕು ದಿನ ಬಿಟ್ಟು ಅದೇ ನೀರನ್ನು ನಾವು ಬಾನಿಗೆ ತುಂಬುತ್ತೇವೆ. ಹಸು ಕುಡಿಯುತ್ತದೆ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇರುವುದು ಎಂಬುದನ್ನು ಸಂಘದ ಹಾಲು ಪರೀಕ್ಷಕರು ನಿಮಗೆ ಎಷ್ಟೋ ಸಲ ಹೇಳಿದ್ದಾರೆ.

ಒಂದು ಸಂಘದ ಸಭೆಯಲ್ಲಿ ಹಿರಿಯ ತಾಯಿಯೊಬ್ಬರು ಎದ್ದು ಕೇಳಿದರು: "ಡಾಕ್ಟ್ರೇ, ಮೇಲಿನ ಟೊಮ್ಯಾಟೊ ತೋಟದ ನೀರು ನಮ್ಮ ಹೊಂಡಕ್ಕೆ ಬರ್ತದೆ. ಮಳೆ ಬಂದ ಮಾರನೇ ದಿನ ಹಸು ಮೂಸಿ ನೋಡಿ ಹಿಂದಕ್ಕೆ ಸರೀತದೆ, ಹಾಲೂ ಇಳೀತದೆ. ಇದ್ದಿಲು ಹಾಕಿದ್ರೆ ನೀರು ಶುದ್ಧ ಆಗ್ತದಂತೆ. ಒಲೆ ಇದ್ದಿಲನ್ನೇ ಒಂದು ಚೀಲ ಸುರಿದುಬಿಡಲಾ?" ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಇದ್ದಿಲಿಗೆ ಆ ಶಕ್ತಿ ಇರುವುದು ನಿಜ. ಆದರೆ ಯಾವ ಇದ್ದಿಲು, ಯಾವ ಹೊಲಸಿಗೆ, ಎಷ್ಟು ಹೊತ್ತು, ಎಲ್ಲಿ ಇಡಬೇಕು ಎಂಬುದು ಗೊತ್ತಿಲ್ಲದಿದ್ದರೆ ದುಡ್ಡೂ ಹೋಗುತ್ತದೆ, ಹಸುವಿಗೂ ಪ್ರಯೋಜನವಿಲ್ಲ. ಆ ತಾಯಿಗೆ ಸಭೆಯಲ್ಲಿ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಒಲೆಯ ಇದ್ದಿಲು ಬೇರೆ, ಕ್ರಿಯಾಶೀಲ ಇದ್ದಿಲು ಬೇರೆ

ಆಕ್ಟಿವೇಟೆಡ್ ಕಾರ್ಬನ್ ಎಂದು ಅಂಗಡಿಯವರು ಹೇಳುವುದನ್ನು ನಾವು ಕ್ರಿಯಾಶೀಲ ಇದ್ದಿಲು ಎನ್ನೋಣ. ಇದನ್ನು ತೆಂಗಿನ ಕರಟ, ಮರ ಅಥವಾ ಕಲ್ಲಿದ್ದಲಿನಿಂದ ಮಾಡುತ್ತಾರೆ. ಮೊದಲು ಗಾಳಿ ಆಡದಂತೆ ಕರಟವನ್ನು ಸುಟ್ಟು ಇದ್ದಿಲು ಮಾಡುವುದು. ಸುಮಾರು ಮೂರು ಕಿಲೋ ಕರಟಕ್ಕೆ ಒಂದು ಕಿಲೋ ಇದ್ದಿಲು ಸಿಗುತ್ತದೆ. ಇಲ್ಲಿಯವರೆಗೆ ನಿಮ್ಮ ಒಲೆಯಲ್ಲಿ ಆಗುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆಮೇಲೆ ಆ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಹಬೆ ಹಾಯಿಸಿ ಬೇಯಿಸುತ್ತಾರೆ. ಆಗ ಇದ್ದಿಲಿನ ಒಳಗೆ ಮುಚ್ಚಿಕೊಂಡಿದ್ದ ಸೂಕ್ಷ್ಮ ರಂಧ್ರಗಳೆಲ್ಲ ತೆರೆದುಕೊಂಡು, ರಂಧ್ರದೊಳಗೆ ರಂಧ್ರ ಹುಟ್ಟಿ, ಜೇನುಗೂಡಿಗಿಂತ ಸಾವಿರಾರು ಪಟ್ಟು ಸಣ್ಣ ಗೂಡಾಗುತ್ತದೆ.

ಒಳ್ಳೆಯ ಕ್ರಿಯಾಶೀಲ ಇದ್ದಿಲು ಒಂದು ಗ್ರಾಂ ತೆಗೆದುಕೊಂಡರೆ ಅದರ ಒಳಗೋಡೆಗಳ ಒಟ್ಟು ವಿಸ್ತೀರ್ಣ ಸುಮಾರು 1000 ಚದರ ಮೀಟರ್. ಅಂದರೆ ನಾಲ್ಕು ಗ್ರಾಂ, ಒಂದು ಚಮಚಕ್ಕೆ ಹತ್ತಿರ, ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಎಕರೆ ಜಮೀನು ತುಂಬುತ್ತದೆ. ನೀರಿನಲ್ಲಿ ಕರಗಿರುವ ಕೀಟನಾಶಕ, ಎಣ್ಣೆಯ ಅಂಶ, ಬಣ್ಣ, ವಾಸನೆ ಇವುಗಳ ಕಣಗಳು ಈ ಗೋಡೆಗಳಿಗೆ ಅಂಟಿಕೊಂಡು ಉಳಿದುಬಿಡುತ್ತವೆ. ಬಟ್ಟೆ ನೀರು ಹೀರಿದಂತೆ ಹೀರುವುದಲ್ಲ, ಗೋಡೆಗೆ ಸುಣ್ಣ ಹಿಡಿದಂತೆ ಮೈಗೆ ಹಿಡಿದುಕೊಳ್ಳುವುದು. ವಿಜ್ಞಾನದ ಪುಸ್ತಕಗಳಲ್ಲಿ ಇದನ್ನು ಅಧಿಶೋಷಣೆ ಎನ್ನುತ್ತಾರೆ. ಗೋಡೆಯೆಲ್ಲ ತುಂಬಿದ ಮೇಲೆ ಮುಂದಕ್ಕೆ ಹಿಡಿಯಲು ಜಾಗವಿರುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಈ ವಿದ್ಯೆ ಹೊಸದಲ್ಲ. ಇದ್ದಿಲಿನ ಪುಡಿ ದ್ರಾವಣಗಳ ಬಣ್ಣ ತೆಗೆಯುತ್ತದೆಂದು ರಷ್ಯಾದಲ್ಲಿದ್ದ ಟೋಬಿಯಾಸ್ ಲೋವಿಟ್ಸ್ ಎಂಬ ರಸಾಯನ ಶಾಸ್ತ್ರಜ್ಞ 1785ರಲ್ಲೇ ಕಂಡುಕೊಂಡಿದ್ದ. ಸಕ್ಕರೆ ಕಾರ್ಖಾನೆಗಳು ಅದನ್ನು ಬಳಸಿದವು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಲು ಮುಖವಾಡಗಳೊಳಗೆ ಇದನ್ನೇ ತುಂಬಿದರು. 1918ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಪೀಚ್ ಹಣ್ಣಿನ ಬೀಜ, ತೆಂಗಿನ ಕರಟಗಳನ್ನು ಮನೆಮನೆಯಿಂದ ಕೂಡಿಸಿದ್ದರು. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಸುಲಿದ ಮೇಲೆ ರಾಶಿ ಬೀಳುವ ಅದೇ ಕರಟ.

ಒಲೆಯ ಇದ್ದಿಲಿನಲ್ಲಿಯೂ ಸ್ವಲ್ಪ ರಂಧ್ರಗಳಿರುತ್ತವೆ. ಆದರೆ ಹೆಚ್ಚಿನವು ಟಾರಿನಿಂದಲೂ ಬೂದಿಯಿಂದಲೂ ಮುಚ್ಚಿಹೋಗಿರುತ್ತವೆ. ನಿಮಗೆ ನೀವೇ ಪರೀಕ್ಷೆ ಮಾಡಿ ನೋಡಬಹುದು. ಎರಡು ಗಾಜಿನ ಲೋಟದಲ್ಲಿ ನೀರು ಹಾಕಿ ಎರಡಕ್ಕೂ ಒಂದೊಂದು ತೊಟ್ಟು ನೀಲಿ ಶಾಯಿ ಬಿಡಿ. ಒಂದಕ್ಕೆ ಒಲೆಯ ಇದ್ದಿಲಿನ ಪುಡಿ ಒಂದು ಚಮಚ, ಇನ್ನೊಂದಕ್ಕೆ ಕ್ರಿಯಾಶೀಲ ಇದ್ದಿಲಿನ ಪುಡಿ ಒಂದು ಚಮಚ ಹಾಕಿ ಚೆನ್ನಾಗಿ ಕಲಕಿ, ಅರ್ಧ ಗಂಟೆ ಬಿಟ್ಟು ಮಡಿಸಿದ ಬಿಳಿ ಬಟ್ಟೆಯಲ್ಲಿ ಸೋಸಿರಿ. ಎರಡನೆಯ ಲೋಟದ ನೀರಿನಲ್ಲಿ ಶಾಯಿಯ ಬಣ್ಣ ಬಹುಮಟ್ಟಿಗೆ ಹೋಗಿರುತ್ತದೆ. ಇದನ್ನು ಸಂಘದ ಜಗುಲಿಯ ಮೇಲೆ ಎಲ್ಲರ ಮುಂದೆ ಮಾಡಿ ತೋರಿಸಿದರೆ ನನ್ನ ಈ ಲೇಖನಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇದ್ದಿಲು ಹಿಡಿಯುವುದು ಯಾವುದನ್ನು, ಬಿಡುವುದು ಯಾವುದನ್ನು

ಇಲ್ಲಿಯೇ ಬಹಳ ಜನ ತಪ್ಪುವುದು. ನೀರು ತಿಳಿಯಾಯಿತು, ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ.

ಕ್ರಿಯಾಶೀಲ ಇದ್ದಿಲು ಹಿಡಿಯುವುದು ಹೆಚ್ಚಾಗಿ ನೀರಿನಲ್ಲಿ ಸುಲಭವಾಗಿ ಕರಗದ, ಎಣ್ಣೆಯ ಗುಣವುಳ್ಳ ರಾಸಾಯನಿಕಗಳನ್ನು. ಬಹುಪಾಲು ಕೀಟನಾಶಕಗಳು, ಕೆಲವು ಕಳೆನಾಶಕಗಳು, ಡೀಸೆಲ್ ಮತ್ತು ಎಂಜಿನ್ ಎಣ್ಣೆಯ ಅಂಶ, ಕೊಳೆತ ಎಲೆಯ ಬಣ್ಣ, ಕ್ಲೋರಿನ್ ಈ ಪಟ್ಟಿಯಲ್ಲಿ ಬರುತ್ತವೆ. ಅದು ಹಿಡಿಯಲಾರದ್ದು ಗೊಬ್ಬರ ಮತ್ತು ಗಂಜಲದಿಂದ ಬರುವ ನೈಟ್ರೇಟ್, ಅಮೋನಿಯಾ, ಯೂರಿಯಾ. ಉಪ್ಪು, ಗಡಸುತನ, ಫ್ಲೋರೈಡ್. ಪಾವಗಡದಂಥ ಕಡೆಗಳ ಕೊಳವೆ ಬಾವಿಯ ಫ್ಲೋರೈಡಿಗೆ ಇದು ಔಷಧವಲ್ಲ. ಅದಕ್ಕೆ ಬಳಸುವ ಆಕ್ಟಿವೇಟೆಡ್ ಅಲ್ಯುಮಿನಾ ಎಂಬುದು ಬೇರೆಯೇ ವಸ್ತು. ಹೆಸರು ಹತ್ತಿರವಿದೆ ಎಂದು ಮೋಸಹೋಗಬಾರದು. ರೋಗಾಣುಗಳನ್ನೂ ಇದ್ದಿಲು ಕೊಲ್ಲುವುದಿಲ್ಲ. ಕೊಲ್ಲದಿದ್ದರೆ ಹೋಗಲಿ, ಅದರ ರಂಧ್ರಗಳಲ್ಲಿ ಹಿಡಿದ ಹೊಲಸನ್ನೇ ತಿಂದುಕೊಂಡು ರೋಗಾಣುಗಳು ಅಲ್ಲಿಯೇ ಸಂಸಾರ ಹೂಡುವುದೂ ಉಂಟು.

ನೈಟ್ರೇಟಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನೈಟ್ರೇಟು ಹೆಚ್ಚಾದ ನೀರು ಕುಡಿದ ಅಥವಾ ಮೇವು ತಿಂದ ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಸೇರಿದರೆ, ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಂಡು ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ರಾಸು ಏದುಸಿರು ಬಿಟ್ಟು ಕೆಲವೇ ಗಂಟೆಗಳಲ್ಲಿ ಬೀಳಬಹುದು. ಇಂಥ ನೀರು ಕಣ್ಣಿಗೆ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಮನುಷ್ಯರು ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ತಿಪ್ಪೆಯ ಕೆಳಗಿನ ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕಳಿಸಿ ನೋಡಿ.

ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅಲ್ಲಿ ಬಿತ್ತನೆಯ ಹೊತ್ತಿಗೆ ಹೊಲಕ್ಕೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆಯುತ್ತಾರೆ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದವರಿಗೂ ಈ ಹೆಸರು ಗೊತ್ತು. ವಸಂತದ ಮೊದಲ ಮಳೆಗೆ ಅದು ತೊಳೆದು ನದಿಗೆ ಬರುತ್ತದೆ. ಆ ವಾರಗಳಲ್ಲಿ ಎಷ್ಟೋ ಊರುಗಳ ನೀರು ಸರಬರಾಜಿನವರು ಕ್ರಿಯಾಶೀಲ ಇದ್ದಿಲಿನ ಪುಡಿಯನ್ನು ನೀರಿಗೆ ಬೆರೆಸಿ ಅದನ್ನು ಹಿಡಿಯುತ್ತಾರೆ. ಸಿನ್ಸಿನಾಟಿ ನಗರ 1992ರಲ್ಲಿ ಇದ್ದಿಲಿನ ದೊಡ್ಡ ಶೋಧಕಗಳನ್ನೇ ಕಟ್ಟಿಕೊಂಡಿತು. ಅದೇ ಕಾಲಕ್ಕೆ ಅಯೋವಾ ರಾಜ್ಯದ ಡೆಮೊಯ್ನ್ ನಗರ ನೈಟ್ರೇಟ್ ತೆಗೆಯಲೆಂದೇ ಬೇರೆ ವಿಧಾನದ, ಭಾರಿ ಖರ್ಚಿನ ಘಟಕ ಕಟ್ಟಬೇಕಾಯಿತು. ಎರಡೂ ಮೆಕ್ಕೆಜೋಳದ ಹೊಲದಿಂದಲೇ ಹರಿದು ಬಂದವು; ಒಂದಕ್ಕೆ ಇದ್ದಿಲು ಸಾಕು, ಇನ್ನೊಂದಕ್ಕೆ ಸಾಲದು.

ಹಾಲಿಗೆ ಇದರ ಸಂಬಂಧ

ಹಳೆಯ ಕೀಟನಾಶಕಗಳಾದ ಡಿ.ಡಿ.ಟಿ., ಬಿ.ಎಚ್.ಸಿ., ಎಂಡೋಸಲ್ಫಾನ್ ಕೊಬ್ಬಿನಲ್ಲಿ ಕರಗುವ ಜಾತಿಯವು. ಹಸುವಿನ ಹೊಟ್ಟೆ ಸೇರಿದರೆ ಮೈಯ ಕೊಬ್ಬಿನಲ್ಲಿ ಕೂತು, ಹಾಲಿನ ಜಿಡ್ಡಿನ ಜೊತೆ ಹೊರಬರುತ್ತವೆ. ನೀವು ಯಾವ ಫ್ಯಾಟಿಗಾಗಿ ದರ ಪಡೆಯುತ್ತೀರೋ ಅದೇ ಫ್ಯಾಟಿನಲ್ಲಿ. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು 1989ರಲ್ಲಿ, ಬಿ.ಎಚ್.ಸಿ.ಯನ್ನು 1997ರಲ್ಲಿ ನಿಲ್ಲಿಸಲಾಯಿತು. ಕಾಸರಗೋಡು, ದಕ್ಷಿಣ ಕನ್ನಡದ ಜನ ಅನುಭವಿಸಿದ ಎಂಡೋಸಲ್ಫಾನಿಗೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ನಿಲ್ಲಿಸಿದ ಮಾತ್ರಕ್ಕೆ ಮಣ್ಣಿನಿಂದ ಮಾಯವಾಗುವ ವಸ್ತುಗಳಲ್ಲ ಇವು. ಡಿ.ಡಿ.ಟಿ.ಯಂಥವು ಮಣ್ಣಿನ ಕಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಇರುತ್ತವೆ, ಮಳೆಗೆ ಮಣ್ಣು ಕೊಚ್ಚಿಹೋದಾಗ ಅದರ ಜೊತೆಗೇ ಹೋಗುತ್ತವೆ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಮಣ್ಣಿನ ಜೊತೆ ಹೋಗುತ್ತವೆ ಎಂದರೆ ಮಣ್ಣನ್ನು ತಡೆದರೆ ಅವೂ ಬಹುಪಾಲು ತಡೆದಂತೆ. ಇಂದು ಉಣ್ಣೆಗೂ ಬೆಳೆಗೂ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಕೂಡ ಮಣ್ಣಿಗೆ ಗಟ್ಟಿಯಾಗಿ ಅಂಟುವಂಥವೇ. ಹಾಗಾಗಿ ಒಂದು ಚೀಲ ಇದ್ದಿಲು ತರುವ ಮೊದಲು ಒಂದು ಗುಂಡಿ ತೋಡುವುದು ಜಾಣತನ. ನೀರಿನಲ್ಲಿ ಚೆನ್ನಾಗಿ ಕರಗಿ ಹೋಗುವ ಇಮಿಡಾಕ್ಲೋಪ್ರಿಡ್, ಅಟ್ರಜಿನ್‌ನಂಥವು ಗುಂಡಿಯಲ್ಲಿ ನಿಲ್ಲುವುದಿಲ್ಲ. ಇದ್ದಿಲಿನ ನಿಜವಾದ ಕೆಲಸ ಅವುಗಳ ಮೇಲೆ.

ಮೊದಲು ಚೊಕ್ಕ ನೀರನ್ನು ಚೊಕ್ಕವಾಗಿ ಉಳಿಸಿ

ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ಕೊಟ್ಟಿಗೆಯ ಮಾಡು ಸುಮಾರು 56 ಚದರ ಮೀಟರ್. ಅಷ್ಟೇ ದೊಡ್ಡ ಅಂಗಳ ಇದೆ ಎನ್ನಿ. ಒಂದು ಸಂಜೆ 25 ಮಿಲಿಮೀಟರ್ ಮಳೆ ಬಂದರೆ ಮಾಡಿನಿಂದ 1,400 ಲೀಟರ್, ಅಂಗಳದಿಂದ 1,400 ಲೀಟರ್. ಮಾಡಿನ ನೀರು ಅಂಗಳಕ್ಕೆ ಬಿದ್ದರೆ 2,800 ಲೀಟರ್ ಹೊಲಸು ನೀರು ನಿಮ್ಮ ಪಾಲಿಗೆ. ಮಾಡಿಗೊಂದು ದೋಣಿ ಕಟ್ಟಿ ಪೈಪಿನಲ್ಲಿ ಬೇರೆ ಕಡೆಗೆ ಬಿಟ್ಟರೆ ಹೊಲಸು ಅರ್ಧಕ್ಕೆ ಇಳಿಯಿತು, 1,400 ಲೀಟರ್ ಒಳ್ಳೆಯ ನೀರು ಕೈಗೆ ಬಂತು.

ಮಾಡಿನ ನೀರಿನಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತವಾದ್ದರಿಂದ ಪ್ರತಿ ಮಳೆಯ ಮೊದಲ 2 ಮಿಲಿಮೀಟರ್, ಅಂದರೆ ಈ ಮಾಡಿಗೆ 110 ಲೀಟರಿನಷ್ಟು, ಹೊರಗೆ ಬಿಟ್ಟುಬಿಡಬೇಕು. ಬಯಲುಸೀಮೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು, ಪೋಲಾಗುವುದನ್ನು ಕಳೆದು ನೂರಕ್ಕೆ 80 ಪಾಲು ಹಿಡಿದರೂ ಈ ಒಂದು ಮಾಡಿನಿಂದ 31,000 ಲೀಟರ್ ಬರುತ್ತದೆ. ರಾಸಿಗೆ ದಿನಕ್ಕೆ 70 ಲೀಟರಿನಂತೆ ಐದು ರಾಸುಗಳಿಗೆ ಸುಮಾರು ಮೂರು ತಿಂಗಳ ಕುಡಿಯುವ ನೀರು. ಫ್ಲೋರೈಡಿಲ್ಲ, ಉಪ್ಪಿಲ್ಲ. ಇದಕ್ಕೆ ಇದ್ದಿಲೂ ಬೇಕಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದೋಣಿ ಕಟ್ಟದೆ ಫಿಲ್ಟರ್ ಕೊಳ್ಳುವವರು ಸೋರುವ ಕ್ಯಾನಿಗೆ ಬಣ್ಣ ಬಳಿಯುವವರು.

ಅಂಗಳದ ನೀರನ್ನು ಮಾತ್ರ ಯಾವ ಕಾರಣಕ್ಕೂ ಇದ್ದಿಲಿಗೆ ಬಿಡಬೇಡಿ. ಸಗಣಿಯ ಕಂದು ಬಣ್ಣವೇ ಇದ್ದಿಲಿನ ರಂಧ್ರಗಳನ್ನು ತುಂಬಿಬಿಡುತ್ತದೆ. ಔಷಧಿಗೆ ಜಾಗವೇ ಉಳಿಯುವುದಿಲ್ಲ. ಅಂಗಳದ ನೀರು ಮೊದಲು ಮಣ್ಣು ತಂಗುವ ಗುಂಡಿಗೆ, ಅಲ್ಲಿಂದ ನೇಪಿಯರ್ ಹುಲ್ಲಿನ ಮಡಿಗೆ ಹೋಗಲಿ. ಅದರಲ್ಲಿರುವ ಸಾರಜನಕ ನಿಮ್ಮ ಮೇವಿಗೆ ಗೊಬ್ಬರ. ಆದರೆ ಉಣ್ಣೆ ಔಷಧಿ ಹೊಡೆದ ವಾರ ಆ ಮಡಿಯ ಹುಲ್ಲು ಕೊಯ್ಯಬೇಡಿ. ಬರಗಾಲದಲ್ಲಿ ಬಾಡಿ ನಿಂತು ಮಳೆ ಬಂದ ತಕ್ಷಣ ಚಿಗುರಿದ ಹುಲ್ಲಿನಲ್ಲಿ ನೈಟ್ರೇಟು ಹೆಚ್ಚಿರುತ್ತದೆ ಎಂಬುದನ್ನೂ ಮರೆಯಬೇಡಿ.

ಮಣ್ಣು ಮತ್ತು ಹುಲ್ಲಿನ ಶಕ್ತಿಯನ್ನು ಕಡಿಮೆ ಎಣಿಸಬಾರದು. ಅಮೆರಿಕದ ಸಿಯಾಟಲ್ ಸುತ್ತಿನ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಜಾತಿಯ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ರಸ್ತೆಯಿಂದ ಹರಿದು ಬರುವ ನೀರೇ ಕಾರಣವೆಂದು ಗೊತ್ತಾಗಿತ್ತು. ಆ ನೀರಿನಲ್ಲಿರುವ ವಿಷ ವಾಹನದ ಟೈರಿನ ಪುಡಿಯಿಂದ ಬರುತ್ತದೆಂದು 2020ರಲ್ಲಿ ಪತ್ತೆಯಾಯಿತು. ಆದರೆ ಅದಕ್ಕೂ ಐದು ವರ್ಷ ಮೊದಲೇ, ವಿಷ ಯಾವುದೆಂದು ತಿಳಿಯುವ ಮುಂಚೆಯೇ, ಆ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಪದರದಲ್ಲಿ ಸೋಸಿ ಬಿಟ್ಟಾಗ ಮೀನುಗಳು ಬದುಕಿದ್ದನ್ನು ಸಂಶೋಧಕರು ತೋರಿಸಿದ್ದರು.

ನಗರದ ಅಂಚಿನಲ್ಲಿರುವ ಸದಸ್ಯರಿಗೆ ಒಂದು ಮಾತು. ರಾಜಕಾಲುವೆಯ ನೀರು ಹೆದ್ದಾರಿಯ ಎಣ್ಣೆ, ಟೈರಿನ ಪುಡಿ, ಕಾರ್ಖಾನೆಯ ಲೋಹ, ಮನೆಗಳ ಸಾಬೂನು ಎಲ್ಲವನ್ನೂ ಹೊತ್ತಿರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಿಂದ 2018ರ ನಡುವೆ ನೊರೆ ಎದ್ದದ್ದನ್ನೂ, ಬೆಂಕಿಯೇ ಹೊತ್ತಿಕೊಂಡದ್ದನ್ನೂ ನೀವು ನೋಡಿದ್ದೀರಿ. ಅಂಥ ನೀರಿಗೆ ಡ್ರಮ್ಮಿನ ಇದ್ದಿಲು ಉತ್ತರವಲ್ಲ. ಅದನ್ನು ರಾಸಿಗೆ ಕುಡಿಸಲೇಬೇಡಿ, ಅದರಲ್ಲಿ ಬೆಳೆದ ಹುಲ್ಲನ್ನೂ ಹಾಕಬೇಡಿ.

ಇದ್ದಿಲಿನ ಡ್ರಮ್ಮು ಯಾರಿಗೆ, ಹೇಗೆ

ಮೇಲಿನ ಹೊಲದಲ್ಲಿ ಟೊಮ್ಯಾಟೊ, ದ್ರಾಕ್ಷಿ, ಹತ್ತಿಯಂಥ ಹೆಚ್ಚು ಔಷಧಿ ಹೊಡೆಯುವ ಬೆಳೆಯಿದ್ದು, ಕೆಳಗಿನ ಹೊಂಡದ ನೀರನ್ನು ಬಿಟ್ಟರೆ ರಾಸುಗಳಿಗೆ ಬೇರೆ ನೀರಿಲ್ಲ ಎನ್ನುವವರಿಗೆ ಇದು ಬೇಕು. ನಮ್ಮ ಸಭೆಯಲ್ಲಿ ಪ್ರಶ್ನೆ ಕೇಳಿದ ತಾಯಿಯ ಪರಿಸ್ಥಿತಿ ಇದೇ. ಚೀಲದಲ್ಲಿ ತಂದು ಹೊಂಡಕ್ಕೆ ಸುರಿದರೆ ಇದ್ದಿಲು ತಳ ಸೇರಿ ಕೆಸರಾಗುತ್ತದೆ ಅಷ್ಟೆ. ನೀರು ಇದ್ದಿಲಿನ ನಡುವೆ ನಿಧಾನವಾಗಿ ಹಾಯಬೇಕು.

200 ಲೀಟರಿನ ಎರಡು ಡ್ರಮ್ಮು ತೆಗೆದುಕೊಳ್ಳಿ. ಹಿಂದೆ ಔಷಧಿ, ಆಸಿಡ್ ತುಂಬಿದ್ದ ಡ್ರಮ್ಮು ಕೂಡದು, ಎಷ್ಟು ತೊಳೆದರೂ ಕೂಡದು. ಮೊದಲನೆಯದರಲ್ಲಿ ಕೆಳಗೆ ಅರ್ಧ ಅಡಿ ಜಲ್ಲಿ, ಅದರ ಮೇಲೆ ನೈಲಾನ್ ಬಲೆ, ಬಲೆಯ ಮೇಲೆ ಒಂದು ಅಡಿಗಿಂತ ಕಡಿಮೆಯಿಲ್ಲದಂತೆ ತೊಳೆದ ಮರಳು. ಇದು ಕೆಸರು ಹಿಡಿಯುವ ಡ್ರಮ್ಮು. ಎರಡನೆಯದರಲ್ಲಿ ಜಲ್ಲಿ, ಬಲೆ, ಅದರ ಮೇಲೆ 60 ಲೀಟರ್ ಅಳತೆಯ ಕ್ರಿಯಾಶೀಲ ಇದ್ದಿಲು. ಡ್ರಮ್ಮಿನಲ್ಲಿ ಇದು ಮುಕ್ಕಾಲು ಅಡಿ ಎತ್ತರ ಬರುತ್ತದೆ, ತೂಕ 27ರಿಂದ 30 ಕಿಲೋ. ಪುಡಿಯಲ್ಲ, ದಪ್ಪ ರವೆಯಿಂದ ರಾಗಿ ಕಾಳಿನ ಗಾತ್ರದ ಹರಳು ಬೇಕು. ಕೊಳ್ಳುವಾಗ ಐ.ಎಸ್. 2752 ಗುಣಮಟ್ಟದ್ದೇ, ಅಯೋಡಿನ್ ಸಂಖ್ಯೆ 900ಕ್ಕಿಂತ ಮೇಲಿದೆಯೇ ಎಂದು ಕೇಳಿ. ಈ ಎರಡು ಪ್ರಶ್ನೆ ಕೇಳಿದರೆ ಅಂಗಡಿಯವರು ಸಾದಾ ಇದ್ದಿಲನ್ನು ನಿಮಗೆ ಕಟ್ಟಲಾರರು. ತಂದ ಇದ್ದಿಲನ್ನು ಕಪ್ಪು ನೀರು ಹೋಗುವವರೆಗೆ ತೊಳೆದು, ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ. ರಂಧ್ರದ ಗಾಳಿ ಹೊರಗೆ ಬರಬೇಕು.

ಎರಡನೆಯ ಡ್ರಮ್ಮಿನ ತಳದಲ್ಲಿ ನಲ್ಲಿ ಇರಲಿ. ನೀರು ಇದ್ದಿಲಿನೊಳಗೆ ಕಾಲು ಗಂಟೆಯಾದರೂ ಇರಬೇಕೆಂದರೆ ಈ ಡ್ರಮ್ಮಿನಿಂದ ನಿಮಿಷಕ್ಕೆ 4 ಲೀಟರಿಗಿಂತ ಹೆಚ್ಚು ಬರಬಾರದು. ಗಡಿಯಾರ ಹಿಡಿದು ನೋಡಿ: 10 ಲೀಟರಿನ ಬಕೆಟ್ ತುಂಬಲು ಎರಡೂವರೆ ನಿಮಿಷಕ್ಕಿಂತ ಕಡಿಮೆಯಾದರೆ ನಲ್ಲಿ ಹೆಚ್ಚು ತೆರೆದಿದೆ ಎಂದರ್ಥ. ಈ ವೇಗದಲ್ಲಿ ಗಂಟೆಗೆ 240 ಲೀಟರ್. ಐದು ರಾಸಿನ ದಿನದ ನೀರು ಎರಡು ಗಂಟೆಯಲ್ಲಿ ಸಿದ್ಧ. ಆತುರಪಟ್ಟು ನಲ್ಲಿ ಪೂರ್ತಿ ತಿರುಗಿಸಿದರೆ ನೀರು ಬರುತ್ತದೆ, ಔಷಧಿಯೂ ಜೊತೆಗೇ ಬರುತ್ತದೆ.

ಮರಳಿನ ಮೇಲ್ಪದರವನ್ನು ಆಗಾಗ ಕೆರೆದು ತೊಳೆಯಿರಿ. ಇದ್ದಿಲನ್ನು ಮಾತ್ರ ಬಿಸಿಲಿಗೆ ಹಾಕಿ ಮತ್ತೆ ಬಳಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಮತ್ತೆ ಚೇತರಿಸಲು ಕಾರ್ಖಾನೆಯ ಕುಲುಮೆಯ ಶಾಖವೇ ಬೇಕು. ಒಂದು ಮಳೆಗಾಲ ಬಳಸಿದ ಇದ್ದಿಲನ್ನು ಬದಲಿಸುವುದು ಒಳ್ಳೆಯದು. ಮಧ್ಯದಲ್ಲಿ ಬಣ್ಣ, ವಾಸನೆ ಮತ್ತೆ ಕಾಣಿಸಿದರೆ ಆಗಲೇ ಬದಲಿಸಿ. ತೆಗೆದ ಇದ್ದಿಲನ್ನು ಒಲೆಗೆ ಹಾಕಬೇಡಿ, ತಿಪ್ಪೆಗೂ ಬೇಡ. ಬಾವಿಯಿಂದ ದೂರ, ಎತ್ತರದ ಜಾಗದಲ್ಲಿ ಹೂತುಬಿಡಿ.

ಸೋಸಿದ ನೀರನ್ನು ಕೆಚ್ಚಲು ತೊಳೆಯಲು, ಕ್ಯಾನು ತೊಳೆಯಲು ಬಳಸುವುದಾದರೆ ರೋಗಾಣುಗಳಿಗೆ ಬ್ಲೀಚಿಂಗ್ ಪೌಡರ್ ಬೇಕೇ ಬೇಕು. ತಿಳಿಯಾದ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಹಾಕಿ ಅರ್ಧ ಗಂಟೆ ಬಿಡಬೇಕು. ಇದನ್ನು ಇದ್ದಿಲಿನ ನಂತರ ಹಾಕಬೇಕು, ಮೊದಲಲ್ಲ. ಮೊದಲು ಹಾಕಿದರೆ ಕ್ಲೋರಿನ್ನನ್ನು ಇದ್ದಿಲೇ ಹಿಡಿದುಬಿಡುತ್ತದೆ, ನೀವು ಹಾಕಿದ್ದು ವ್ಯರ್ಥ.

ವಿಷ ಕುಡಿದ ರಾಸಿಗೆ

ಇದ್ದಿಲಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಹೇಳದೆ ಮುಗಿಸಲಾಗದು. ಔಷಧಿ ಸಿಂಪಡಿಸುವ ಪಂಪು ತೊಳೆದ ನೀರನ್ನು ರಾಸು ಕುಡಿದು, ಜೊಲ್ಲು ಸುರಿಸಿ, ಕಣ್ಣೀರಿಟ್ಟು, ಭೇದಿಯಾಗಿ, ಮೈ ನಡುಗಿ ಬೀಳುವುದನ್ನು ಪ್ರತಿ ಹಂಗಾಮಿನಲ್ಲೂ ನೋಡುತ್ತೇವೆ. ಕೂಡಲೇ ಪಶುವೈದ್ಯರಿಗೆ ಹೇಳಿಕಳಿಸಿ. ಚುಚ್ಚುಮದ್ದಿನ ಜೊತೆಗೆ ಅವರು ಕ್ರಿಯಾಶೀಲ ಇದ್ದಿಲಿನ ಪುಡಿಯನ್ನು, ರಾಸಿನ ತೂಕದ ಪ್ರತಿ ಕಿಲೋಗೆ 1ರಿಂದ 2 ಗ್ರಾಂ ಲೆಕ್ಕದಲ್ಲಿ ನೀರಿಗೆ ಕಲಸಿ ಹೊಟ್ಟೆಯ ನಳಿಕೆಯಲ್ಲಿ ಕೊಡುತ್ತಾರೆ. 400 ಕಿಲೋ ಹಸುವಿಗೆ 400ರಿಂದ 800 ಗ್ರಾಂ. ಹೊಟ್ಟೆಯಲ್ಲಿ ಉಳಿದ ವಿಷವನ್ನು ಅದು ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಒಯ್ಯುತ್ತದೆ. ನೀವೇ ಗೊಟ್ಟದಲ್ಲೋ ಬಾಟಲಿಯಲ್ಲೋ ಬಾಯಿಗೆ ಹೊಯ್ಯಲು ಹೋಗಬೇಡಿ. ನಡುಗುವ ರಾಸಿನ ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಯೂರಿಯಾ ತಿಂದ ರಾಸಿಗೆ ಇದ್ದಿಲು ನಾಟುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ. ರಾಸು ಏನು ತಿಂದಿತು, ಏನು ಕುಡಿಯಿತು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಔಷಧಿಯ ಡಬ್ಬಿಯಿದ್ದರೆ ಅದನ್ನೇ ತೋರಿಸಿ. ಆ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬೇಡಿ, ಮನೆಯ ಮಕ್ಕಳಿಗೂ ಕರುವಿಗೂ ಕೊಡಬೇಡಿ.

ಪಂಪನ್ನು ಹೊಂಡದ ಹತ್ತಿರ, ಬಾನಿಯ ಹತ್ತಿರ ತೊಳೆಯಬೇಡಿ. ಮೂರು ಸಲ ತೊಳೆದು, ಆ ನೀರನ್ನು ಔಷಧಿ ಹೊಡೆದ ಬೆಳೆಯ ಮೇಲೆಯೇ ಸಿಂಪಡಿಸಿ ಮುಗಿಸಿ. ಹೊಂಡಕ್ಕೇ ಔಷಧಿ ಚೆಲ್ಲಿದ್ದು ಗೊತ್ತಾದರೆ ಡ್ರಮ್ಮು ಇದೆಯಲ್ಲ ಎಂದು ಆ ನೀರು ಕುಡಿಸಬೇಡಿ.

ಹೊಂಡದ ಅಥವಾ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕೆನ್ನುವವರು ಮೊದಲ ಹದ ಮಳೆ ಬಿದ್ದ ಎರಡು ಮೂರು ದಿನದೊಳಗೆ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಒಂದು ಲೀಟರಿನ ಬಾಟಲಿಯಲ್ಲಿ ತುಂಬಿ, ಊರು, ತಾರೀಖು, ಮೇಲಿನ ಹೊಲದ ಬೆಳೆ, ಅಲ್ಲಿ ಹೊಡೆದ ಔಷಧಿಯ ಹೆಸರು ಬರೆದ ಚೀಟಿ ಅಂಟಿಸಿ. ಕೀಟನಾಶಕದ ಪರೀಕ್ಷೆಗಾದರೆ ಪ್ಲಾಸ್ಟಿಕ್ ಬೇಡ, ಗಾಜಿನ ಬಾಟಲಿಯೇ ಆಗಬೇಕು. ಬಿಸಿಲಿಗೆ ಇಡದೆ ಅಂದೇ ಒಯ್ಯಿರಿ.